ಮಾವಳದಲ್ಲಿ ಸೈಕಲ್ ಶಿಬಿರ: ಕೋಟೆ, ಗುಹೆ, ಕೆರೆ ಎಲ್ಲವೂ ಇವೆ, ಡೇರೆ ಎಲ್ಲಿ ಹಾಕೋಣ?

ಕೋಥ್ರುಡ್ ಸವಾರ
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿರುವ ನಾವು ಹತ್ತು ಹನ್ನೆರಡು ಕನ್ನಡಿಗರು ಡಿಸೆಂಬರಿನಲ್ಲಿ ಸೈಕಲ್ ಮೇಲೆ ಪುಣೆಯ ಪಶ್ಚಿಮದ ಬೆಟ್ಟಸೀಮೆ ಮಾವಳ ಸುತ್ತಿಬರಲು ಹೊರಟಿದ್ದೇವೆ. ಎರಡು ರಾತ್ರಿ ಹೊರಗೆ, ಸ್ವಂತ ಡೇರೆಗಳಲ್ಲಿ. ಸದ್ಯದ ಯೋಚನೆ ಹೀಗಿದೆ: ಚಾಂದನಿ ಚೌಕದಿಂದ ಪಿರಂಗುಟ್, ಪೌಡ್, ಕೋಳವಣ, ಹಾಡಶಿ ದಾಟಿ ಟಿಕೋನಾ ಪೇಟೆ, ಅಲ್ಲಿಂದ ಪವನಾ ಜಲಾಶಯದ ದಂಡೆಯಲ್ಲಿ ಮೊದಲ ರಾತ್ರಿ. ಮರುದಿನ ದುಧಿವರೆ ಖಿಂಡಿ (ಬೆಟ್ಟಗಳ ನಡುವಿನ ಕಣಿವೆದಾರಿ) ಏರಿ ಲೋಹಗಡ, ಕೋಟೆಯ ಮೇಲೆಯೇ ಡೇರೆ. ಕೊನೆಯ ದಿನ ಭಾಜೆ, ಕಾರ್ಲೆಯ ಬೌದ್ಧ ಗುಹೆಗಳನ್ನು ನೋಡಿ, ಸಂಜೆಗೆ ಬೇಡಸೆಯ ಗುಹೆ ಮುಗಿಸಿ, ಕಾಮಶೇತ್, ತಳೇಗಾವ್ ಮಾರ್ಗವಾಗಿ ಮನೆಗೆ.

ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದಾರೆ. ವಾರಕ್ಕೊಮ್ಮೆ ಸಿಂಹಗಡ ಏರುವವರಿದ್ದಾರೆ, ಕಚೇರಿಗೆ ಮಾತ್ರ ಸೈಕಲ್ ತುಳಿಯುವವರೂ ಇದ್ದಾರೆ. ಸಾಮಾನು ಹೊರಲು ಒಂದು ಜೀಪು ಹಿಂದೆ ಬರಲಿ ಎಂದು ಅರ್ಧ ಜನ, ಬೇಡವೇ ಬೇಡ ಎಂದು ಇನ್ನರ್ಧ ಜನ. ದಾರಿ, ಡೇರೆಯ ಜಾಗ, ಜೀಪು ಈ ಮೂರರ ಬಗ್ಗೆ ತಿಳಿದವರು ಹೇಳಿ.

ಘಟ್ಟದ ಗಾಳಿ
ದಾರಿ ಚೆನ್ನಾಗಿದೆ. ಕೋಟೆಯ ಮೇಲೆ ಡೇರೆ ಎಂಬುದನ್ನು ಮಾತ್ರ ಈಗಲೇ ಅಳಿಸಿಹಾಕಿ. ಲೋಹಗಡ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸೂರ್ಯಾಸ್ತದ ಹೊತ್ತಿಗೆ ಕೆಳಗಿಳಿಯಬೇಕು.

ಹಡಪಸರದ ಹುಬ್ಬಳ್ಳಿಯವ
ಹಾಗೆಂದು ಎಲ್ಲರೂ ಹೇಳುತ್ತಾರೆ. ರಾಜಗಡದ ಪದ್ಮಾವತಿ ಗುಡಿಯಲ್ಲಿ ಚಾರಣಿಗರು ರಾತ್ರಿ ತಂಗುವ ರೂಢಿ ಎಷ್ಟು ಹಳೆಯದು! ಕೋಟೆಯ ಮೇಲೆ ನಕ್ಷತ್ರ ನೋಡುತ್ತ ಮಲಗುವ ಸುಖವನ್ನು ಕಾನೂನಿನ ಪುಸ್ತಕ ಹಿಡಿದು ಕಸಿಯಬೇಡಿ. ಗಲಾಟೆ ಮಾಡದೆ, ಕಸ ಬಿಡದೆ ಮಲಗಿ ಎದ್ದು ಬಂದರೆ ಕಲ್ಲಿಗೇನು ನೋವು?

ಘಟ್ಟದ ಗಾಳಿ
ನೋವು ಆಗುತ್ತದೆ ಅಣ್ಣ, ಅದಕ್ಕೇ ಹೇಳಿದ್ದು. ಡೇರೆಯ ಗೂಟ ಹೊಡೆಯಲು ಮಣ್ಣು ಸಿಗುವುದು ಹಳೆಯ ಕಟ್ಟಡಗಳ ಬುನಾದಿಯ ಮೇಲೆಯೇ. ಅಲ್ಲಿ ಅಗೆಯದೆ ಉಳಿದ ಅವಶೇಷಗಳು ಇರುತ್ತವೆ. ಹಗ್ಗ ಬಿಗಿಯಲು ಗೋಡೆಯ ಕಲ್ಲು ಕೀಳುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹನ್ನೆರಡು ಜನ ಶೌಚಕ್ಕೆ ಹೋಗುವುದೆಲ್ಲಿ? ಕೋಟೆಯ ಕುಡಿಯುವ ನೀರಿನ ತೊಟ್ಟಿಗಳ ಸುತ್ತಲಿನ ಇಳಿಜಾರಿಗೆ. 2025ರ ಜುಲೈಯಲ್ಲಿ ಮರಾಠಾ ಕಾಲದ 12 ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ರಾಜಗಡ, ಶಿವನೇರಿ, ರಾಯಗಡಗಳ ಜೊತೆಗೆ ಲೋಹಗಡವೂ ಆ ಪಟ್ಟಿಯಲ್ಲಿದೆ. ಹಾಗಿರುವಾಗ ಕನ್ನಡದ ಗುಂಪೊಂದು ಅಲ್ಲಿ ಸಿಕ್ಕಿಬಿದ್ದಿತು ಎಂಬ ಮಾತು ನನಗೆ ಬೇಡ.

ಕಾಮಶೇತ್ ನಿವಾಸಿ
ಘಟ್ಟದ ಗಾಳಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಕೋಟೆಯ ಕೆಳಗೆ ಲೋಹಗಡವಾಡಿ ಇದೆ. ಅಲ್ಲಿ ಮನೆಯಂಗಳದಲ್ಲಿ ಡೇರೆ ಹಾಕಲು ಜಾಗ ಕೊಡುವ ಕುಟುಂಬಗಳಿವೆ. ಊಟ, ನೀರು, ಶೌಚಾಲಯ ಎಲ್ಲವೂ ಅವರಲ್ಲೇ. ಪಿಠ್ಲಾ, ಭಾಕರಿ, ಠೇಚಾ, ಮೇಲೊಂದು ಲೋಟ ಮಜ್ಜಿಗೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಬರಿಗೈಯಲ್ಲಿ ಕೋಟೆ ಹತ್ತಿಳಿಯಬಹುದು. ಒಂದೇ ವಿನಂತಿ: ಹಿಂದಿನ ದಿನವಾದರೂ ಫೋನ್ ಮಾಡಿ ಎಷ್ಟು ಜನ ಎಂದು ತಿಳಿಸಿ. ಹನ್ನೆರಡು ಜನರಿಗೆ ಭಾಕರಿ ತಟ್ಟುವುದು ಸಣ್ಣ ಕೆಲಸವಲ್ಲ. ಹೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ.

ಚಿಂಚವಡದ ಅಕ್ಕ
ಗುಂಪಿನಲ್ಲಿ ಹೆಂಗಸರು ಇದ್ದೀರಾ? ಇದ್ದರೆ ಮೊದಲ ರಾತ್ರಿಯನ್ನೂ ಪವನಾ ದಂಡೆಯ ಬಯಲಿನಲ್ಲಿ ಕಳೆಯಬೇಡಿ. ವಾರಾಂತ್ಯದಲ್ಲಿ ಅಲ್ಲಿ ಧ್ವನಿವರ್ಧಕ, ಕುಡಿತ, ನಡುರಾತ್ರಿಯವರೆಗೆ ಕೂಗಾಟ. ದಿನವಿಡೀ ತುಳಿದು ಬಂದವರಿಗೆ ನಿದ್ದೆಯೇ ಬರುವುದಿಲ್ಲ. ನಮ್ಮ ಮಹಿಳಾ ಗುಂಪು ಈಗ ಟಿಕೋನಾ ಪೇಟೆಯ ಕಡೆಯ ಹಳ್ಳಿಗಳಲ್ಲಿ ಪರಿಚಯದ ಮನೆಗಳ ಹಿತ್ತಲಿನಲ್ಲೇ ತಂಗುತ್ತದೆ. ಮನೆಯ ಮಾವಶಿಯ (ಚಿಕ್ಕಮ್ಮನ) ಕಣ್ಣಳತೆಯಲ್ಲಿ ಇರುವಷ್ಟು ನೆಮ್ಮದಿ ಇನ್ನೆಲ್ಲಿಯೂ ಇಲ್ಲ.

ಇನ್ನೊಂದು ಮಾತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಯಾರೂ ಜಲಾಶಯದಲ್ಲಿ ಈಜಬಾರದು. ದಡ ಸಮತಟ್ಟಾಗಿ ಕಂಡರೂ ಮುಳುಗಡೆಯಾದ ಹೊಲಗಳ ಏರಿ, ಹಳ್ಳ, ಕೆಸರು ಒಳಗಿವೆ. ಎರಡು ಹೆಜ್ಜೆಗೆ ಆಳ ಸಿಗುತ್ತದೆ. ಅಲ್ಲಿ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದರು.

ಕೋಥ್ರುಡ್ ಸವಾರ
ಅಕ್ಕಾ, ನಾಲ್ವರು ಹೆಂಗಸರಿದ್ದಾರೆ. ಬಯಲು ದಂಡೆ ಬೇಡ, ಹಿತ್ತಲೇ ಸರಿ. ಕೋಟೆಯ ಮೇಲಿನ ಡೇರೆಯನ್ನೂ ಕೈಬಿಟ್ಟೆವು. ಈಗ ಜೀಪಿನ ಜಗಳ ಬಗೆಹರಿಸಿ.

ಗೇರಿನ ಲೆಕ್ಕ
ಜಗಳ ಯಾಕೆ, ಲೆಕ್ಕ ಮಾಡೋಣ. ಸವಾರ, ಸೈಕಲ್ ಸೇರಿ 90 ಕಿಲೋ ಎಂದು ಇಟ್ಟುಕೊಳ್ಳಿ. 400 ಮೀಟರ್ ಎತ್ತರ ಏರಲು ಗುರುತ್ವದ ಎದುರು ಮಾಡಬೇಕಾದ ಕೆಲಸ ಸುಮಾರು 353 ಕಿಲೋಜೂಲ್. ಸಾಧಾರಣ ಸವಾರ ಏರಿನಲ್ಲಿ ಬಿಡದೆ 100 ವ್ಯಾಟ್ ಕೊಟ್ಟರೆ 59 ನಿಮಿಷ. ಡೇರೆ, ಮಲಗುವ ಚೀಲ, ಬಟ್ಟೆ, ನೀರು ಎಂದು 15 ಕಿಲೋ ಸೇರಿಸಿ: 412 ಕಿಲೋಜೂಲ್, 69 ನಿಮಿಷ. ಅಂದರೆ ಇಡೀ ಸಾಮಾನಿಗೆ ನೀವು ತೆರುವ ಬೆಲೆ ಹತ್ತು ನಿಮಿಷ. ಗಾಳಿಯ ತಡೆ, ರಸ್ತೆಯ ಘರ್ಷಣೆ ಬೇರೆ, ಆದರೆ ನಿಧಾನದ ಏರಿನಲ್ಲಿ ಅವು ಚಿಕ್ಕವು.

ಆದ್ದರಿಂದ ಭಾರಕ್ಕೆ ಹೆದರಬೇಡಿ, ಗೇರಿಗೆ ಹೆದರಿ. ಮುಂದಿನ ಹಲ್ಲುಚಕ್ರ ಹಿಂದಿನ ದೊಡ್ಡದಕ್ಕಿಂತ ಚಿಕ್ಕದಿರಬೇಕು, ಇಲ್ಲವೇ ಸಮವಾದರೂ ಇರಬೇಕು. ಮುಂದೆ 28 ಹಲ್ಲು, ಹಿಂದೆ 34 ಇದ್ದರೆ ಭಾರ ಹೊತ್ತ ಸೈಕಲ್ಲೂ ಮೆಲ್ಲಗೆ ಏರುತ್ತದೆ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರಗಳಿರುವ ರೇಸ್ ಸೈಕಲ್ ಆದರೆ ಹಿಂದೆ ಕನಿಷ್ಠ 34 ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಖಿಂಡಿಯಲ್ಲಿ ಮೊಣಕಾಲಿನ ಪಾಡು ನೋಡಲಾಗದು.

ಹಡಪಸರದ ಹುಬ್ಬಳ್ಳಿಯವ
ಲೆಕ್ಕ ಕಾಗದದ ಮೇಲೆ ಚೆಂದ. ಕಚೇರಿಗೆ ಮಾತ್ರ ತುಳಿಯುವವರು 100 ವ್ಯಾಟ್ ಅನ್ನು ಒಂದು ಗಂಟೆ ಎಲ್ಲಿಂದ ತರುತ್ತಾರೆ? ಜೀಪು ಇರಲಿ. ಯಾರಿಗಾದರೂ ಸುಸ್ತಾದರೆ ಹತ್ತಿಸಬಹುದು.

ಗೇರಿನ ಲೆಕ್ಕ
ಒಪ್ಪುತ್ತೇನೆ, ಎಲ್ಲರಿಗೂ ಆಗದು. ಅವರು 70 ವ್ಯಾಟ್ ಕೊಟ್ಟರೆ ಒಂದು ಗಂಟೆ ಮುಕ್ಕಾಲಾದೀತು. ಆಗಲಿ ಬಿಡಿ. ಮೂರು ದಿನವಿದೆಯಲ್ಲ? ಬಲಿಷ್ಠರು ಅಡುಗೆ ಪಾತ್ರೆ, ಡೇರೆಯ ಕಂಬ ಹೊರಲಿ, ಹೊಸಬರು ಬಟ್ಟೆ, ಹಾಸಿಗೆ ಮಾತ್ರ ಹೊರಲಿ. ಜೀಪು ಹಿಂದೆ ಬಂದರೆ ಏನಾಗುತ್ತದೆ ಎಂದು ಬಹಳ ಗುಂಪುಗಳಲ್ಲಿ ನೋಡಿದ್ದೇನೆ: ಮೊದಲ ಏರಿನಲ್ಲೇ ಇಬ್ಬರು ಹತ್ತುತ್ತಾರೆ, ಮುಂದಿನದರಲ್ಲಿ ಐವರು. ಸಂಜೆಗೆ ಅದು ಸೈಕಲ್ ಯಾತ್ರೆಯಾಗಿ ಉಳಿಯುವುದಿಲ್ಲ.

ಚಿಂಚವಡದ ಅಕ್ಕ
ನನ್ನ ಮತ ಜೀಪಿಲ್ಲದ ಕಡೆಗೆ. ಆದರೆ ಔಷಧಿ ಪೆಟ್ಟಿಗೆ, ಹತ್ತಿರದ ಆಸ್ಪತ್ರೆಗಳ ಫೋನ್ ಸಂಖ್ಯೆ, ಕರೆದರೆ ಬರುವ ಒಬ್ಬ ಪರಿಚಯದ ವಾಹನದವರು, ಇಷ್ಟು ಕಡ್ಡಾಯ. ಮಾವಳದಲ್ಲಿ ಎಲ್ಲಿ ಕೆಟ್ಟರೂ ಒಂದೆರಡು ಗಂಟೆಯೊಳಗೆ ಟೆಂಪೋ ಸಿಗುತ್ತದೆ.

ಹಳೆಯ ಪುಣೆಕರ
ನಾನು ಈ ಊರಿಗೆ ಬಂದಾಗ ಪುಣೆಯನ್ನು ಸೈಕಲ್ಲುಗಳ ಊರು ಎಂದೇ ಕರೆಯುತ್ತಿದ್ದರು. ಲಕ್ಷ್ಮೀ ರಸ್ತೆಯಲ್ಲಿ ಸಂಜೆ ಕಚೇರಿ ಬಿಟ್ಟಾಗ ಗಂಟೆಗಳ ಸದ್ದೇ ಸದ್ದು. ಪ್ರಾಧ್ಯಾಪಕರು, ಗಿರಣಿಯ ಕಾರ್ಮಿಕರು, ಒಂಬತ್ತು ಗಜದ ಸೀರೆಯುಟ್ಟ ಅಜ್ಜಿಯರು, ಎಲ್ಲರೂ ಒಂದೇ ಬಗೆಯ ಕಪ್ಪು ಸೈಕಲ್ ಮೇಲೆ. ಗೇರೂ ಇರಲಿಲ್ಲ, ಹಲ್ಲಿನ ಲೆಕ್ಕವೂ ಇರಲಿಲ್ಲ. ಅದರ ಮೇಲೆಯೇ ನಾವು ಖಡಕವಾಸಲಾ, ಸಿಂಹಗಡದ ಬುಡದವರೆಗೆ ಹೋಗಿ ಬರುತ್ತಿದ್ದೆವು. ಏರು ಬಂದರೆ ಇಳಿದು ತಳ್ಳುವುದು. ತಳ್ಳುವಾಗ ಮಾತು ಚೆನ್ನಾಗಿ ನಡೆಯುತ್ತಿತ್ತು. ಈಗಿನವರು ತಳ್ಳುವುದನ್ನು ಅವಮಾನವೆಂದು ಯಾಕೆ ತಿಳಿಯುತ್ತಾರೋ ಕಾಣೆ. ಹೊಸಬರಿಗೆ ಹೇಳಿ, ಇಳಿದು ತಳ್ಳಲಿ. ಜೀಪು ಬೇಡ.

ಘಟ್ಟದ ಗಾಳಿ
ಸರ್, ಈ ಮಾತನ್ನು ನಮ್ಮ ಗುಂಪಿನ ಎಲ್ಲರಿಗೂ ಕಳುಹಿಸುತ್ತೇನೆ.

ಶಾಸನಪ್ರಿಯೆ
ದಾರಿ, ಜೀಪು ಎಲ್ಲ ಆಯಿತು. ನೋಡುವುದರ ಕಡೆಗೂ ಸ್ವಲ್ಪ ಬನ್ನಿ. ನಿಮ್ಮ ಯೋಜನೆಯಲ್ಲಿ ಗುಹೆಗಳ ಹೊತ್ತು ತಿರುಗುಮುರುಗಾಗಿದೆ. ಬೇಡಸೆಯ ಚೈತ್ಯ (ಬೌದ್ಧರ ಪ್ರಾರ್ಥನಾ ಮಂದಿರ) ಪೂರ್ವಾಭಿಮುಖ; ಬೆಳಗಿನ ಬಿಸಿಲು ನೇರ ಒಳಗೆ ಬಿದ್ದು ಮುಖಮಂಟಪದ ಎತ್ತರದ ಕಂಬಗಳು, ಅವುಗಳ ತುದಿಯಲ್ಲಿ ಆನೆ, ಕುದುರೆ, ಎತ್ತುಗಳ ಮೇಲೆ ಕುಳಿತ ಗಂಡು ಹೆಣ್ಣು ಜೋಡಿಗಳು ಎಲ್ಲವೂ ಕಾಣುತ್ತವೆ. ಸಂಜೆ ಹೋದರೆ ನೆರಳು. ಕಾರ್ಲೆ, ಭಾಜೆ ಎರಡೂ ಪಶ್ಚಿಮಕ್ಕೆ ಮುಖ ಮಾಡಿವೆ. ಅವಕ್ಕೆ ಮಧ್ಯಾಹ್ನದ ನಂತರದ ಬೆಳಕು ಬೇಕು. ನೀವು ಬೇಡಸೆಯನ್ನು ಕೊನೆಯ ಸಂಜೆಗೆ ಇಟ್ಟಿದ್ದೀರಿ.

ಇನ್ನು ಕಾರ್ಲೆಯ ವಿಷಯ. ಅದು ಭಾರತದ ಅತಿ ದೊಡ್ಡ ಕೊರೆದ ಚೈತ್ಯಗೃಹ ಎಂದು ಎಲ್ಲ ಫಲಕಗಳೂ ಹೇಳುತ್ತವೆ. ಉದ್ದ ಸುಮಾರು 124 ಅಡಿ, ಅಗಲ 45, ಎತ್ತರ 46. ಎರಡು ಸಾವಿರ ವರ್ಷದಷ್ಟು ಹಳೆಯ ಮರದ ತೊಲೆಗಳು ಇಂದಿಗೂ ಕಮಾನಿಗೆ ಅಂಟಿಕೊಂಡಿವೆ. ಆದರೆ ಕನ್ನಡಿಗರಾದ ನಾವು ನಿಲ್ಲಬೇಕಾದ ಜಾಗ ಮುಖಮಂಟಪದ ಒಂದು ಶಾಸನದ ಮುಂದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಪೂರ್ಣಗೊಳಿಸಿದ ಎಂದು ಅದು ಹೇಳುತ್ತದೆ. ವೈಜಯಂತಿ ಎಂದರೆ ಬನವಾಸಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ವರದಾ ನದಿಯ ದಂಡೆಯ ಒಬ್ಬ ವರ್ತಕ ಇಲ್ಲಿಯವರೆಗೆ ಬಂದು, ತನ್ನ ಹಣದಿಂದ ಇಂಥದ್ದನ್ನು ಪೂರೈಸಿದ್ದಾನೆ. ಇದನ್ನು ಓದದೆ ಯಾರೂ ಅಲ್ಲಿಂದ ಹಿಂದಿರುಗಬೇಡಿ.

ಹಡಪಸರದ ಹುಬ್ಬಳ್ಳಿಯವ
ಮೈ ಜುಮ್ಮೆಂದಿತು! ಹಾಗಾದರೆ ಕಾರ್ಲೆ ಕಟ್ಟಿಸಿದ್ದು ಕನ್ನಡಿಗ. ಬಾವುಟ ತೆಗೆದುಕೊಂಡು ಹೋಗೋಣ.

ಶಾಸನಪ್ರಿಯೆ
ಬಾವುಟ ಮನೆಯಲ್ಲಿರಲಿ. ಬನವಾಸಿಯವನು ಎಂಬಷ್ಟನ್ನು ಹೇಳಬಹುದು. ಶಾಸನ ಇರುವುದು ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿ. ಅವನು ಮನೆಯಲ್ಲಿ ಯಾವ ಮಾತು ಆಡುತ್ತಿದ್ದ ಎಂದು ಕಲ್ಲು ಹೇಳುವುದಿಲ್ಲ. ನಮ್ಮ ಹಲ್ಮಿಡಿ ಶಾಸನಕ್ಕೆ ಇನ್ನೂ ಕೆಲವು ಶತಮಾನ ಬಾಕಿಯಿತ್ತು. ಅದೇ ಕಾರ್ಲೆಯಲ್ಲಿ ಧೇನುಕಾಕಟ ಎಂಬ ಊರಿನ ಯವನರು (ಗ್ರೀಕರೆಂದು ಹೇಳಲಾಗುವ ವಿದೇಶಿಯರು) ಕಂಬಗಳನ್ನು ದಾನ ಮಾಡಿದ ಶಾಸನಗಳಿವೆ, ಶಕ ಮೂಲದ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಭಿಕ್ಷುಗಳಿಗೆ ಹಳ್ಳಿ ಕೊಟ್ಟ ಶಾಸನವಿದೆ, ಶಾತವಾಹನ ಪುಳುಮಾವಿಯ ಹೆಸರೂ ಇದೆ. ಎಲ್ಲರೂ ಸೇರಿ ಮಾಡಿದ್ದು. ನನಗೆ ಹೆಮ್ಮೆಯಾಗುವುದು ಅದಕ್ಕೇ. ಅಂಥ ಕೂಟದಲ್ಲಿ ನಮ್ಮ ನಾಡಿನವನೊಬ್ಬ ಮುಂದೆ ನಿಂತಿದ್ದ.

ಮಾಟುಂಗದ ಮಂಗಳೂರಿಗ
ಬನವಾಸಿಯಿಂದ ಅಷ್ಟು ದೂರ ವರ್ತಕ ಯಾಕೆ ಬಂದ?

ಶಾಸನಪ್ರಿಯೆ
ವ್ಯಾಪಾರದ ದಾರಿ. ಕಲ್ಯಾಣ, ಸೋಪಾರ ಬಂದರುಗಳಿಂದ ಸರಕು ಬೋರ್ ಘಾಟಿ ಏರಿ ಒಳನಾಡಿಗೆ ಹೋಗುತ್ತಿತ್ತು. ಭಾಜೆ, ಕಾರ್ಲೆ, ಬೇಡಸೆ ಮೂರೂ ಆ ದಾರಿಯ ಪಕ್ಕದ ಬೆಟ್ಟಗಳಲ್ಲಿವೆ. ವರ್ತಕರು ದಾನ ಮಾಡಿದರು, ಭಿಕ್ಷುಗಳು ನೆಲೆಸಿದರು, ದಾರಿಹೋಕರಿಗೂ ನೆರಳು ನೀರು ಸಿಕ್ಕಿತು. 1863ರಲ್ಲಿ ರೈಲು ಅದೇ ಘಾಟಿಯಲ್ಲಿ ಏರಿತು. ಹಳೆಯ ಮುಂಬೈ ರಸ್ತೆ, ಈಗಿನ ಎಕ್ಸ್‌ಪ್ರೆಸ್‌ವೇ, ಎಲ್ಲವೂ ಅಲ್ಲೇ ಹಾದಿವೆ. ಕಾರ್ಲೆಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿ. ಗುಹೆ ಅಲ್ಲೇಕೆ ಇದೆ ಎಂಬುದು ತಾನೇ ತಿಳಿಯುತ್ತದೆ.

ಕಾಮಶೇತ್ ನಿವಾಸಿ
ಎಕ್ಸ್‌ಪ್ರೆಸ್‌ವೇ ಎಂದಾಗ ನೆನಪಾಯಿತು. ಅದರ ಮೇಲೆ ಸೈಕಲ್ ನಿಷಿದ್ಧ. ನಕ್ಷೆಯ ಆ್ಯಪ್ ಕೆಲವೊಮ್ಮೆ ಅದರ ಪಕ್ಕದ ದಾರಿ ತೋರಿಸಿ ಗೊಂದಲ ಮಾಡುತ್ತದೆ. ಹಳೆಯ ಹೆದ್ದಾರಿಯಲ್ಲೇ ಇರಿ. ಅಲ್ಲಿಯೂ ಲಾರಿಗಳು ಜೋರಾಗಿ ಬರುತ್ತವೆ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ.

ಕಾರ್ಲೆಯ ಇನ್ನೊಂದು ಮುಖ್ಯ ಸಂಗತಿ. ಗುಹೆಯ ಎದುರಿಗೇ ಏಕವೀರಾ ದೇವಿಯ ಗುಡಿಯಿದೆ. ಕೋಳಿ, ಆಗ್ರಿ ಸಮುದಾಯದವರ ಕುಲದೇವತೆ. ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆ ಈ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವೆ ಹೋಗಿ.

ಕೋಥ್ರುಡ್ ಸವಾರ
ಹಾಗಾದರೆ ಬುಧವಾರ ಹೊರಟು ಶುಕ್ರವಾರ ಬರುವಂತೆ ಬದಲಿಸುತ್ತೇವೆ. ರಜೆ ಕೇಳಬೇಕು, ಕೇಳುತ್ತೇವೆ. ಬೇಡಸೆಯನ್ನು ಬೆಳಿಗ್ಗೆಗೆ ತರಬೇಕೆಂದರೆ ಇಡೀ ಸುತ್ತೇ ತಿರುಗಬೇಕಲ್ಲ? ಪವನಾನಗರದಿಂದ ಬೇಡಸೆ, ಕಾಮಶೇತ್, ಕಾರ್ಲೆ, ರಾತ್ರಿ ಭಾಜೆ, ಮೂರನೆಯ ದಿನ ಭಾಜೆಯಿಂದ ಲೋಹಗಡ ಏರಿ ದುಧಿವರೆ ಇಳಿದು ಪವನಾ ಮಾರ್ಗವಾಗಿ ವಾಪಸ್ಸು?

ಗೇರಿನ ಲೆಕ್ಕ
ಬೇಡ. ಭಾಜೆಯ ಕಡೆಯಿಂದ ಲೋಹಗಡಕ್ಕೆ ಏರುವ ರಸ್ತೆ ಇಡೀ ಪ್ರದೇಶದಲ್ಲೇ ಕಡಿದಾದದ್ದು. ಭಾರ ಹೊತ್ತ ಸೈಕಲ್ಲಿನ ಮುಂಗಾಲಿ ತಿರುವುಗಳಲ್ಲಿ ಮೇಲೇಳುತ್ತದೆ. ಇಳಿಯಲೂ ಸುಲಭವಲ್ಲ.

ಘಟ್ಟದ ಗಾಳಿ
ಏರಲೇಬೇಕೆಂದು ಯಾರು ಹೇಳಿದರು? ಸೈಕಲ್ಲುಗಳನ್ನು ಭಾಜೆಯ ಮನೆಯಲ್ಲೇ ಬಿಟ್ಟು ನಡೆದು ಹೋಗಿ. ಮಳವಲಿ ನಿಲ್ದಾಣದಲ್ಲಿ ಇಳಿದು ಭಾಜೆ, ಗಾಯಮುಖ ಖಿಂಡಿ, ಲೋಹಗಡ ಎಂದು ನಡೆಯುವುದು ಪುಣೆಯ ಚಾರಣಿಗರ ಹಳೆಯ ದಾರಿ. ಖಿಂಡಿಯಲ್ಲಿ ನಿಂತರೆ ಒಂದು ಕಡೆ ಲೋಹಗಡ, ಇನ್ನೊಂದು ಕಡೆ ವಿಸಾಪುರ ಕೋಟೆ. ಬೆಳಿಗ್ಗೆ ಬೇಗ ಹೊರಟು ಗಣೇಶ, ನಾರಾಯಣ, ಹನುಮಾನ್, ಮಹಾ ಈ ನಾಲ್ಕು ಬಾಗಿಲುಗಳನ್ನು ದಾಟಿ ವಿಂಚೂಕಾಟಾದ ತುದಿಯವರೆಗೆ ಹೋಗಿ. ಕೋಟೆಯಿಂದ ಹೊರಚಾಚಿದ ಉದ್ದನೆಯ ಬಂಡೆಯದು, ಕೆಳಗೆ ಇಡೀ ಪವನಾ ಕಣಿವೆ. ಮಧ್ಯಾಹ್ನ ಇಳಿದು ಬಂದಾಗ ಭಾಜೆಗೆ ಸರಿಯಾದ ಬೆಳಕು. ಶಾಸನಪ್ರಿಯೆಯವರಿಗೂ ಸಮಾಧಾನ.

ಶಾಸನಪ್ರಿಯೆ
ಬಹಳ ಸಮಾಧಾನ! ಭಾಜೆಯ ಚೈತ್ಯದ ಕಂಬಗಳು ಒಳಕ್ಕೆ ವಾಲಿರುವುದನ್ನು ಗಮನಿಸಿ. ಮರದ ಕಟ್ಟಡದಲ್ಲಿ ಭಾರ ತಡೆಯಲು ಹಾಗೆ ವಾಲಿಸಬೇಕು, ಕಲ್ಲಿನಲ್ಲಿ ಬೇಕಿಲ್ಲ. ಆದರೂ ಆ ಕಲ್ಲುಕುಟಿಗರು ಮರದ ರೀತಿಯನ್ನೇ ಉಳಿಸಿಕೊಂಡರು, ಕ್ರಿ.ಪೂ. ಎರಡನೆಯ ಶತಮಾನದಲ್ಲಿ. ಅಲ್ಲಿಂದ ಕಾರ್ಲೆಗೆ ಬರುವಷ್ಟರಲ್ಲಿ ಕಂಬಗಳು ನೆಟ್ಟಗಾಗಿವೆ. ಮೂರೂ ಗುಹೆಗಳನ್ನು ಒಂದೇ ಯಾತ್ರೆಯಲ್ಲಿ ನೋಡುವವರಿಗೆ ಮಾತ್ರ ಈ ಬೆಳವಣಿಗೆ ಕಾಣುತ್ತದೆ. ಕಾರಿನಲ್ಲಿ ಬಂದವರು ಒಂದನ್ನು ನೋಡಿ ಚಹಾ ಕುಡಿದು ಹೊರಟುಬಿಡುತ್ತಾರೆ. ಸೈಕಲ್ಲಿನ ವೇಗ ಇದಕ್ಕೆ ಹೇಳಿ ಮಾಡಿಸಿದ್ದು.

ಹಡಪಸರದ ಹುಬ್ಬಳ್ಳಿಯವ
ಆದರೆ ದುಧಿವರೆ ಖಿಂಡಿ ತಪ್ಪಿಹೋಯಿತು! ಇಡೀ ಸುತ್ತಿನ ಒಳ್ಳೆಯ ಏರು ಅದೇ. ಬಲವಿದ್ದವರು ಆ ಕಡೆಯಿಂದ ಲೋಹಗಡವಾಡಿಗೆ ಹೋಗಿ ಭಾಜೆಗೆ ಇಳಿಯಲಿ, ಉಳಿದವರು ಬೇಡಸೆಯ ಕಡೆಯಿಂದ ಬರಲಿ. ರಾತ್ರಿ ಎಲ್ಲರೂ ಭಾಜೆಯಲ್ಲಿ ಸೇರೋಣ.

ಚಿಂಚವಡದ ಅಕ್ಕ
ಗುಂಪು ಒಡೆಯಬೇಡಿ. ಪಂಕ್ಚರ್ ಕಿಟ್ ಒಂದು ಕಡೆ, ಪಂಪು ಇನ್ನೊಂದು ಕಡೆ ಉಳಿಯುತ್ತದೆ. ಫೋನಿಗೆ ಸಿಗ್ನಲ್ ಇಲ್ಲದ ತಿರುವುಗಳು ಆ ಘಾಟಿಯಲ್ಲಿ ಇವೆ. ಅದಕ್ಕಿಂತ ಮುಖ್ಯವಾಗಿ, ಏರುವ ತಾಕತ್ತು ಇದ್ದವರೆಲ್ಲ ಒಂದು ಕಡೆ ಹೋದರೆ ಹಿಂದುಳಿದವರ ಜೊತೆ ತಳ್ಳುವವರು ಯಾರು?

ಹಡಪಸರದ ಹುಬ್ಬಳ್ಳಿಯವ
ಅಕ್ಕಾ, ಸರಿ. ದುಧಿವರೆಗೆ ಬೇರೆ ದಿನ ಬರುತ್ತೇನೆ. ನಿಮ್ಮ ಹೊಸಬರ ಚೀಲದಲ್ಲಿ ಒಂದನ್ನು ನನ್ನ ಕ್ಯಾರಿಯರ್ ಮೇಲೆ ಕಟ್ಟಿ.

ಪಣಜಿಯ ಪಯಣಿಗ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೇ ಗುಂಪು ಮುಂದಿನ ಸಲ ಗೋವಾಕ್ಕೆ ಬರಬೇಕು. ದೋಣಿಯಲ್ಲಿ ಸೈಕಲ್ ಹತ್ತಿಸಿ ಮಾಂಡವಿ ನದಿ ದಾಟಿ ದಿವಾಡಿ ದ್ವೀಪ, ಹಳೆಯ ಗೋವಾ ಸುತ್ತಬಹುದು. ಒಳನಾಡಿನ ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವ ಗುಡಿಯಿದೆ, ಘಟ್ಟದ ಬುಡದಲ್ಲಿ, ಕರಿಕಲ್ಲಿನದು. ಬನವಾಸಿಯ ಮಾತು ಬಂದದ್ದಕ್ಕೆ ಹೇಳಿದೆ.

ಹಳೆಯ ಪುಣೆಕರ
ಹಾಗೆ ನೋಡಿದರೆ ಜೇಜೂರಿಯನ್ನೂ ಬಿಡುವಂತಿಲ್ಲ. ದಿವೆ ಘಾಟಿ ಏರಿ ಸಾಸವಡ, ಅಲ್ಲಿಂದ ಜೇಜೂರಿ. ಅಲ್ಲಿನ ದೇವರು ಖಂಡೋಬಾ ನಮ್ಮ ಮೈಲಾರಲಿಂಗನೇ ಅಲ್ಲವೇ? ಭಂಡಾರ ಎರಚುವುದನ್ನು ನೋಡಿದಾಗಲೆಲ್ಲ ನನಗೆ ನಮ್ಮೂರ ಗೊರವರು ಕಣ್ಣ ಮುಂದೆ ಬರುತ್ತಾರೆ. ಪುರಂದರ ಕೋಟೆಯೂ ಹತ್ತಿರ. 1665ರ ಒಪ್ಪಂದ ಆದದ್ದು ಅಲ್ಲಿಯೇ. ಆ ಒಪ್ಪಂದದಲ್ಲಿ ಲೋಹಗಡವೂ ಮೊಘಲರಿಗೆ ಹೋಯಿತು, 1670ರಲ್ಲಿ ಶಿವಾಜಿ ಮಹಾರಾಜರು ಮರಳಿ ಪಡೆದರು. ಇನ್ನೊಂದು: ಅವರ ತಂದೆ ಶಹಾಜಿಯವರ ಸಮಾಧಿ ಇರುವುದು ನಮ್ಮ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ. ಇಲ್ಲಿನ ಗೆಳೆಯರಿಗೆ ಇದನ್ನು ಹೇಳಿದರೆ ಕೈ ಮುಗಿಯುತ್ತಾರೆ.

ಮಾಟುಂಗದ ಮಂಗಳೂರಿಗ
ನಾನು ಮುಂಬೈಯಿಂದ ಬಂದು ಸೇರಿಕೊಳ್ಳಬಹುದೇ? ಸೈಕಲ್ಲನ್ನು ರೈಲಿನಲ್ಲಿ ತರುವುದು ಹೇಗೆ?

ಕಾಮಶೇತ್ ನಿವಾಸಿ
ಲೋಣಾವಳಾದಲ್ಲಿ ಇಳಿದು ಹಳೆಯ ಹೆದ್ದಾರಿಯಲ್ಲಿ ಕಾಮಶೇತಿಗೆ ಬನ್ನಿ. ಅಲ್ಲಿ ಎರಡನೆಯ ದಿನ ಗುಂಪಿಗೆ ಸೇರಬಹುದು. ರೈಲಿನ ನಿಯಮಗಳನ್ನು ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲೇ ಕೇಳಿ, ಚೀಟಿ ಮಾಡಿಸಿ. ಚಕ್ರ ಬಿಚ್ಚಿ ಚೀಲದಲ್ಲಿ ಹಾಕಿದರೆ ಜಗಳ ಕಡಿಮೆ. ಅಡುಗೆಯ ಗ್ಯಾಸ್ ಡಬ್ಬಿ ಮಾತ್ರ ರೈಲಿನಲ್ಲಿ ತರಲೇಬೇಡಿ, ಅದು ಅಪರಾಧ.

ಘಟ್ಟದ ಗಾಳಿ
ಗ್ಯಾಸಿನ ಮಾತು ಬಂತು, ಬೆಂಕಿಯ ಮಾತೂ ಆಗಲಿ. ಡಿಸೆಂಬರಿಗೆ ಸಹ್ಯಾದ್ರಿಯ ಹುಲ್ಲು ಒಣಗಿ ನಿಂತಿರುತ್ತದೆ. ಶಿಬಿರದ ಬೆಂಕಿ ಎಂದು ಕಟ್ಟಿಗೆ ಹಚ್ಚಿ ಹಾಡುವುದು ಬೇಡ. ಒಂದು ಕಿಡಿ ಗಾಳಿಗೆ ಹಾರಿದರೆ ಇಡೀ ಗುಡ್ಡ, ಹಕ್ಕಿಗಳ ಗೂಡು, ದನಗಳ ಬೇಸಿಗೆಯ ಮೇವು ಎಲ್ಲವೂ ಬೂದಿ. ಮನೆಯವರ ಒಲೆಯ ಮುಂದೆ ಕುಳಿತು ಹಾಡಿ.

ಚಿಂಚವಡದ ಅಕ್ಕ
ಚಳಿಗೆ ಸಿದ್ಧರಾಗಿ ಬನ್ನಿ. ನಗರಕ್ಕಿಂತ ಕಣಿವೆಯಲ್ಲಿ ಚಳಿ ಹೆಚ್ಚು, ಬೆಳಗಿನ ಜಾವ ಇಬ್ಬನಿಗೆ ಡೇರೆ ತೊಯ್ದಿರುತ್ತದೆ. ಉಸಿರಿನ ತೇವ ಒಳಗೇ ಹನಿಯುತ್ತದೆ, ಆದ್ದರಿಂದ ಗಾಳಿಕಿಂಡಿ ಮುಚ್ಚಬೇಡಿ. ಆದರೆ ಬಾಗಿಲಿನ ಸೊಳ್ಳೆಪರದೆಯ ಜಿಪ್ ಸದಾ ಹಾಕಿರಲಿ. ಶೂಗಳನ್ನು ಡೇರೆಯ ಒಳಗೇ ಇಡಿ, ಹಾಕುವ ಮುನ್ನ ಕೊಡವಿ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಮಂಡಲದ ಹಾವು ಒಣ ಎಲೆಯ ಮೇಲೆ ಮಲಗಿದರೆ ಕಾಣುವುದೇ ಇಲ್ಲ. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ; ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ.

ಗೇರಿನ ಲೆಕ್ಕ
ನನ್ನ ಕಡೆಯಿಂದ ಕೊನೆಯದಾಗಿ ಬ್ರೇಕಿನ ಮಾತು. ಹೊರಡುವ ವಾರ ಪ್ಯಾಡ್ ಬದಲಿಸಿ. ಇಳಿಜಾರಿನಲ್ಲಿ ಒಂದೇ ಬ್ರೇಕನ್ನು ಒತ್ತಿ ಹಿಡಿಯಬೇಡಿ; ಮುಂದಿನದು, ಹಿಂದಿನದು ಸರದಿಯಂತೆ ಬಿಟ್ಟು ಹಿಡಿಯಿರಿ. ರಿಮ್ ಬ್ರೇಕ್ ಇದ್ದವರಿಗೆ ಭಾರದ ಜೊತೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ತಿರುವಿಗೆ ಮುನ್ನವೇ ವೇಗ ಇಳಿಸಿ, ತಿರುವಿನಲ್ಲಲ್ಲ. ಒಬ್ಬೊಬ್ಬರ ಬಳಿಯೂ ತಮ್ಮ ಚಕ್ರದ ಅಳತೆಯ ಎರಡು ಟ್ಯೂಬ್ ಇರಲಿ. ಪೌಡ್ ದಾಟಿದರೆ 700 ಸಿ ಅಳತೆಯದು (ರೇಸ್ ಸೈಕಲ್ಲಿನ ದೊಡ್ಡ ಚಕ್ರದ್ದು) ಅಂಗಡಿಯಲ್ಲಿ ಸಿಗದು.

ಕೋಥ್ರುಡ್ ಸವಾರ
ಎಲ್ಲರಿಗೂ ಕೃತಜ್ಞತೆಗಳು. ಗುಂಪಿನಲ್ಲಿ ಓದಿ ಹೇಳಿದೆ, ತೀರ್ಮಾನ ಹೀಗಾಯಿತು. ಬುಧವಾರ ನಸುಕಿನಲ್ಲಿ ಹೊರಟು ಪೌಡ್, ಕೋಳವಣ ಮಾರ್ಗ. ರಾತ್ರಿ ಟಿಕೋನಾ ಪೇಟೆಯ ಹಿತ್ತಲು. ಗುರುವಾರ ಬೆಳಿಗ್ಗೆ ಬೇಡಸೆ, ಕಾಮಶೇತಿನಲ್ಲಿ ಮಾಟುಂಗದವರು ಸೇರುತ್ತಾರೆ, ಮಧ್ಯಾಹ್ನ ಕಾರ್ಲೆ, ಭೂತಪಾಲನ ಶಾಸನದ ಮುಂದೆ ಎಲ್ಲರೂ ಕುಳಿತು ಓದುವುದು. ರಾತ್ರಿ ಭಾಜೆ. ಶುಕ್ರವಾರ ನಡೆದು ಲೋಹಗಡ, ಮಧ್ಯಾಹ್ನ ಭಾಜೆ ಗುಹೆ, ಆಮೇಲೆ ಹಳೆಯ ಹೆದ್ದಾರಿ ಹಿಡಿದು ಮನೆಗೆ. ಜೀಪು ಇಲ್ಲ. ತಳ್ಳುವವರ ಜೊತೆ ಕನಿಷ್ಠ ಇಬ್ಬರು ಯಾವಾಗಲೂ ಇರಬೇಕು ಎಂದು ನಿಯಮ ಮಾಡಿದ್ದೇವೆ. ಶಾಸನಪ್ರಿಯೆ ಮೇಡಂ, ಕಾರ್ಲೆಗೆ ನೀವೂ ಬನ್ನಿ, ಬಸ್ಸಿನಲ್ಲಾದರೂ ಸರಿ.

ಶಾಸನಪ್ರಿಯೆ
ಖಂಡಿತ ಬರುತ್ತೇನೆ. ಶಾಸನದ ಪಾಠ ಮುದ್ರಿಸಿ ಎಲ್ಲರಿಗೂ ಒಂದೊಂದು ಪ್ರತಿ ತರುತ್ತೇನೆ.

ಹಳೆಯ ಪುಣೆಕರ
ಶುಕ್ರವಾರ ಸಂಜೆ ಹೆದ್ದಾರಿಯಲ್ಲಿ ಕತ್ತಲಾಗುತ್ತದೆ, ಡಿಸೆಂಬರಿನಲ್ಲಿ ಆರಕ್ಕೇ ಸೂರ್ಯಾಸ್ತ. ಅದೇ ದಾರಿಯ ವಡಗಾವ್ ಮಾವಳದಲ್ಲಿ 1779ರ ಜನವರಿಯಲ್ಲಿ ಇಂಗ್ಲಿಷ್ ಸೇನೆ ಮಹಾದಜಿ ಶಿಂದೆಯವರ ಎದುರು ಸೋತು ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಲಿ ನಿಲ್ಲಬೇಕೆಂಬ ಆಸೆ ಇದ್ದರೆ ಭಾಜೆಯಿಂದ ಬೇಗ ಹೊರಡಿ.

ಕಾಮಶೇತ್ ನಿವಾಸಿ
ಅಥವಾ ಹೊಸಬರು ಮಳವಲಿಯಿಂದ ಲೋಕಲ್ ಹತ್ತಲಿ. ಕಚೇರಿ ಬಿಡುವ ವೇಳೆಗೆ ಮೊದಲಿನದು ಹಿಡಿಯಿರಿ.

ಗೇರಿನ ಲೆಕ್ಕ
ಹಿಂದಿನ ಕೆಂಪು ದೀಪ ಎಲ್ಲರಿಗೂ ಇದೆಯೇ?

ಕೋಥ್ರುಡ್ ಸವಾರ
ಇಬ್ಬರಿಗಿಲ್ಲ. ನಾಳೆಯೇ ಕೊಳ್ಳುತ್ತಾರೆ.